ಉತ್ತರದ ಜೌಗು ನೆಲವೂ ತಿಪಟೂರಿನ ನಾರಿನ ಪುಡಿಯೂ

ತಿಪಟೂರು ಸೀಮೆಯಲ್ಲಿ ವ್ಯಾಪಾರದ ಮಾತೆಂದರೆ ಕೊಬ್ಬರಿಯ ಮಾತು. ಕೃಷಿ ಉತ್ಪನ್ನ ಮಾರುಕಟ್ಟೆಯ ಟೆಂಡರಿನಲ್ಲಿ ಕ್ವಿಂಟಲಿಗೆ ಎಷ್ಟು ನಿಂತಿತೆಂಬುದರ ಮೇಲೆ ಜವಳಿ ಅಂಗಡಿಯ ವಹಿವಾಟು, ಗೊಬ್ಬರದ ಅಂಗಡಿಯ ಉದ್ರಿ, ಮದುವೆ ಮನೆಯ ಖರ್ಚು ಎಲ್ಲವೂ ಅವಲಂಬಿಸಿರುತ್ತವೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರೂ ಮಾರುಕಟ್ಟೆ ದರ 8,000 ರೂಪಾಯಿಯ ಆಸುಪಾಸಿಗೆ ಕುಸಿದು ಬೆಳೆಗಾರರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ 25,000 ರೂಪಾಯಿ ದಾಟಿತು. ಈ ಏರಿಳಿತದ ಗದ್ದಲದಲ್ಲಿ ಕಾಯಿಯ ಒಳಗಿನ ತಿರುಳಿಗೆ ಸಿಕ್ಕ ಗಮನ ಹೊರಗಿನ ಸಿಪ್ಪೆಗೆ ಎಂದೂ ಸಿಕ್ಕಿಲ್ಲ. ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿಗಂತೂ ದೀರ್ಘಕಾಲ ಕಸದ ಸ್ಥಾನವೇ ಇತ್ತು.

ಆ ಪುಡಿಗೆ ಇಂದು ಹೊರದೇಶಗಳಲ್ಲಿ ಬೇಡಿಕೆಯಿದೆ. ಅದಕ್ಕೆ ಮಾರುಕಟ್ಟೆಯಲ್ಲಿ ‘ಕೋಕೋಪಿಟ್’ ಎಂಬ ಹೆಸರೂ ಬಂದಿದೆ. ಈ ಹೆಸರಿನ ಉತ್ತರಾರ್ಧ ‘ಪೀಟ್’ ಎಂಬ ಇಂಗ್ಲಿಷ್ ಪದದ್ದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಘಟಕಗಳಿಂದ ಹೊರಡುವ ಸರಕಿಗೆ ಸಾವಿರಾರು ಮೈಲಿ ದೂರದ ಜೌಗು ನೆಲವೊಂದರ ಹೆಸರು ಅಂಟಿಕೊಂಡದ್ದು ಆಕಸ್ಮಿಕವಲ್ಲ. ಆ ಜೌಗು ನೆಲದಲ್ಲಿ ನಡೆಯುತ್ತಿರುವುದೇನು ಎಂಬುದನ್ನು ಅರಿಯದೆ ಈ ಸರಕಿನ ಭವಿಷ್ಯವನ್ನು ಲೆಕ್ಕ ಹಾಕಲಾಗದು.

ಪೀಟ್ ಎಂದರೇನು?

ಕೆನಡಾ, ರಷ್ಯಾ, ಫಿನ್ಲೆಂಡ್, ಸ್ವೀಡನ್, ಐರ್ಲೆಂಡ್, ಬಾಲ್ಟಿಕ್ ರಾಷ್ಟ್ರಗಳು ಮುಂತಾದ ಶೀತ ಪ್ರದೇಶಗಳಲ್ಲಿ ವರ್ಷವಿಡೀ ನೀರು ತುಂಬಿಕೊಂಡಿರುವ ವಿಶಾಲ ನೆಲಗಳಿವೆ. ಅಲ್ಲಿ ಸತ್ತ ಪಾಚಿ, ಹುಲ್ಲು, ಬೇರುಗಳು ಚಳಿ ಮತ್ತು ನಿಂತ ನೀರಿನ ಕಾರಣ ಪೂರ್ತಿ ಕೊಳೆಯುವುದಿಲ್ಲ. ಅರ್ಧಂಬರ್ಧ ಕೊಳೆತು ಪದರದ ಮೇಲೆ ಪದರವಾಗಿ ಶೇಖರವಾಗುತ್ತವೆ. ಹೀಗೆ ಬೆಳೆದ ಕಂದು ಬಣ್ಣದ, ಹಗುರವಾದ, ನಾರುನಾರಾದ ಪದಾರ್ಥವೇ ಪೀಟ್. ಶಾಲೆಯ ಭೂಗೋಳ ಪಾಠದಲ್ಲಿ ಕಲ್ಲಿದ್ದಲಿನ ಮೊದಲ ಅವಸ್ಥೆಯೆಂದು ಹೆಸರಿಸುವ ವಸ್ತು ಇದೇ. ಈ ಪದರ ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಒಂದು ಮೀಟರ್ ದಪ್ಪದ ಪೀಟ್ ಎಂದರೆ ಸಾವಿರ ವರ್ಷಕ್ಕೂ ಮಿಕ್ಕಿದ ಸಂಗ್ರಹ. ಪಶ್ಚಿಮ ಸೈಬೀರಿಯಾದ ವಾಸ್ಯುಗಾನ್ ಜೌಗು ಒಂದೇ ಸುಮಾರು 53,000 ಚದರ ಕಿಲೋಮೀಟರ್ ವಿಸ್ತಾರವಾಗಿದ್ದು, ಕರ್ನಾಟಕದ ಕಾಲು ಭಾಗಕ್ಕಿಂತ ದೊಡ್ಡದು.

ಭೂಮಿಯ ಒಣ ನೆಲದ ಶೇ. 3ರಷ್ಟನ್ನು ಮಾತ್ರ ಆವರಿಸಿರುವ ಪೀಟ್ ನೆಲಗಳು ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿರುವುದಕ್ಕಿಂತ ಹೆಚ್ಚಿನ ಇಂಗಾಲವನ್ನು ಹಿಡಿದಿಟ್ಟುಕೊಂಡಿವೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಇದು ಪ್ರಕೃತಿಯ ನಿಶ್ಚಿತ ಠೇವಣಿ. ಅವಧಿಗೆ ಮುನ್ನ ಮುರಿದರೆ ನಷ್ಟ ಎಲ್ಲರದು.

ಒಂದೇ ಮಣ್ಣಿನ ಎರಡು ಸ್ವಭಾವ

ಈ ಠೇವಣಿಗೆ ಒಂದು ವಿಚಿತ್ರ ಗುಣವಿದೆ. ಪೀಟ್ ನೆಲ ಇಂಗಾಲವನ್ನು ಕೂಡಿಡುತ್ತಲೇ ಮೀಥೇನ್ ಅನಿಲವನ್ನು ಬಿಡುತ್ತಿರುತ್ತದೆ. ನೀರು ನಿಂತು ಗಾಳಿಯಾಡದ ಪದರದಲ್ಲಿ ಕೆಲವು ಸೂಕ್ಷ್ಮಜೀವಿಗಳು ಕೊಳೆಯುವ ವಸ್ತುವಿನಿಂದ ಮೀಥೇನ್ ತಯಾರಿಸುತ್ತವೆ. ಸೆಗಣಿಯ ಗೋಬರ್ ಗ್ಯಾಸ್ ಗುಂಡಿಯಲ್ಲಿ ನಡೆಯುವುದೂ ಇದೇ ಕ್ರಿಯೆ. ನೀರಿನ ಮಟ್ಟ ತಗ್ಗಿ ಮೇಲಿನ ಪದರದಲ್ಲಿ ಗಾಳಿಯಾಡಿದರೆ ಅಲ್ಲಿ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು ಕೆಳಗಿನಿಂದ ಮೇಲೇರುವ ಮೀಥೇನನ್ನು ತಿಂದು ಮುಗಿಸುತ್ತವೆ. ಉತ್ತರದ ಶೀತವಲಯದ ಸೂಚಿಪರ್ಣ ಕಾಡುಗಳಲ್ಲಿ ಇದು ಇನ್ನೂ ಸ್ಪಷ್ಟ. ದಿಣ್ಣೆಯ ಮೇಲಿನ ಒಣ ಕಾಡಿನ ಮಣ್ಣು ವಾತಾವರಣದ ಮೀಥೇನನ್ನು ಹೀರಿಕೊಳ್ಳುತ್ತದೆ. ಅದೇ ಕಾಡಿನ ತಗ್ಗಿನಲ್ಲಿ ನೀರು ನಿಂತ ಮಣ್ಣು ಮೀಥೇನನ್ನು ಹೊರಹಾಕುತ್ತದೆ. ಗಾಳಿಯಾಡಿದರೆ ಒಂದು ದಾರಿ, ನೀರು ನಿಂತರೆ ಇನ್ನೊಂದು ದಾರಿ. ಈ ಸೂತ್ರವನ್ನು ಓದುಗರು ನೆನಪಿನಲ್ಲಿಡುವುದು ಒಳ್ಳೆಯದು. ತಿಪಟೂರಿನ ಕಣಕ್ಕೂ ಅದು ಅನ್ವಯಿಸುತ್ತದೆ.

ಮೀಥೇನ್ ಏಕೆ ಚಿಂತೆಯ ವಿಷಯ? ತೂಕಕ್ಕೆ ತೂಕ ಹೋಲಿಸಿದರೆ ಜೌಗಿನಿಂದ ಬರುವ ಮೀಥೇನ್, 100 ವರ್ಷಗಳ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. 20 ವರ್ಷಗಳ ಲೆಕ್ಕದಲ್ಲಿ ಇದು ಸುಮಾರು 80 ಪಟ್ಟು. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ 2021ರ ವರದಿಯಲ್ಲಿ ನೀಡಿದ ಅಂದಾಜು ಇದು. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಪ್ರತಿ 100 ಕೋಟಿ ಅಣುಗಳಲ್ಲಿ ಸುಮಾರು 720 ಮೀಥೇನ್ ಅಣುಗಳಿದ್ದವು. ಈಗ ಆ ಸಂಖ್ಯೆ 1,900ನ್ನು ಮೀರಿದೆ. ಪಳೆಯುಳಿಕೆ ಇಂಧನ, ದನಕರು, ಭತ್ತದ ಗದ್ದೆ, ನಗರದ ಕಸ ಇವು ಮನುಷ್ಯನ ಪಾಲು. ನೈಸರ್ಗಿಕ ಮೂಲಗಳಲ್ಲಿ ಜೌಗು ನೆಲಗಳದೇ ಅಗ್ರಸ್ಥಾನ. ಉಷ್ಣವಲಯದ ಜೌಗುಗಳ ಪಾಲು ಇಲ್ಲಿ ಹೆಚ್ಚಾದರೂ ವಿಜ್ಞಾನಿಗಳ ಕಣ್ಣು ಉತ್ತರದ ಮೇಲೂ ನೆಟ್ಟಿದೆ. ಭೂಮಿಯ ಸರಾಸರಿಗಿಂತ ಉತ್ತರ ಧ್ರುವ ಪ್ರದೇಶ ಹಲವು ಪಟ್ಟು ವೇಗವಾಗಿ ಬಿಸಿಯಾಗುತ್ತಿರುವುದೇ ಇದಕ್ಕೆ ಕಾರಣ. ಅಮೆರಿಕದ ಮಿನ್ನೆಸೋಟ ರಾಜ್ಯದ ಪೀಟ್ ಕಾಡೊಂದರಲ್ಲಿ ‘ಸ್ಪ್ರೂಸ್’ ಎಂಬ ಹೆಸರಿನ ಪ್ರಯೋಗ ನಡೆದಿದೆ. ಪಾರದರ್ಶಕ ಗೋಡೆಯ ಆವರಣಗಳೊಳಗೆ ನೆಲವನ್ನೂ ಗಾಳಿಯನ್ನೂ 9 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಚ್ಚಾಗಿ ಬಿಸಿ ಮಾಡಿ ನೋಡಿದಾಗ, ಬಿಸಿ ಏರಿದಂತೆ ಮೀಥೇನ್ ಹೊಮ್ಮುವುದೂ ಏರಿತು. ಕೂಡಿಟ್ಟ ಇಂಗಾಲವೂ ಕರಗತೊಡಗಿತು.

ಹೂಕುಂಡದೊಳಗಿನ ಪೀಟ್

ಈ ನೆಲಕ್ಕೂ ವ್ಯಾಪಾರಕ್ಕೂ ಇರುವ ನಂಟು ತೋಟಗಾರಿಕೆಯದು. ಯೂರೋಪ್ ಮತ್ತು ಉತ್ತರ ಅಮೆರಿಕದ ನರ್ಸರಿಗಳು, ಹಸಿರುಮನೆಗಳು, ಅಣಬೆ ಘಟಕಗಳು ದಶಕಗಳಿಂದ ಪೀಟನ್ನೇ ಸಸಿ ಬೆಳೆಸುವ ಮಾಧ್ಯಮವಾಗಿ ಬಳಸುತ್ತ ಬಂದಿವೆ. ಅದನ್ನು ತೆಗೆಯಬೇಕಾದರೆ ಮೊದಲು ಕಾಲುವೆ ತೋಡಿ ಜೌಗಿನ ನೀರನ್ನು ಬಸಿಯಬೇಕು. ನೀರು ಇಳಿದೊಡನೆ ಸಾವಿರಾರು ವರ್ಷಗಳ ಸಂಗ್ರಹಕ್ಕೆ ಗಾಳಿ ತಾಕುತ್ತದೆ. ಆಗ ಮೀಥೇನ್ ಕಡಿಮೆಯಾದರೂ ಇಂಗಾಲದ ಡೈಆಕ್ಸೈಡ್ ಹೇರಳವಾಗಿ ಹೊರಬರುತ್ತದೆ. ಬಸಿಗಾಲುವೆಗಳಿಂದ ಮೀಥೇನ್ ಬರುವುದೂ ನಿಲ್ಲುವುದಿಲ್ಲ. ಹೂಕುಂಡ ಸೇರಿದ ಪೀಟ್ ಕೆಲವೇ ವರ್ಷಗಳಲ್ಲಿ ಕೊಳೆತು ಗಾಳಿಗೆ ಸೇರುತ್ತದೆ. ಒಣಗಿದ ಪೀಟ್ ನೆಲಕ್ಕೆ ಬೆಂಕಿ ತಗುಲಿದರೆ ಆರಿಸುವುದು ಬಲು ಕಷ್ಟ. 2010ರ ಬೇಸಿಗೆಯಲ್ಲಿ ಮಾಸ್ಕೋ ನಗರವನ್ನು ಮುಸುಕಿದ ಹೊಗೆಯಲ್ಲಿ ಸುತ್ತಲಿನ ಬಸಿದ ಪೀಟ್ ನೆಲಗಳ ಪಾಲು ದೊಡ್ಡದಿತ್ತು.

ಈ ಅರಿವು ಮೂಡಿದಂತೆ ಸರ್ಕಾರಗಳೂ ಗ್ರಾಹಕರೂ ಪೀಟಿನಿಂದ ಹಿಂದೆ ಸರಿಯತೊಡಗಿದ್ದಾರೆ. ಐರ್ಲೆಂಡಿನ ಸರ್ಕಾರಿ ಕಂಪನಿ ಬೋರ್ಡ್ ನಾ ಮೋನ 2021ರ ಜನವರಿಯಲ್ಲಿ ತನ್ನ ಜಮೀನುಗಳಲ್ಲಿ ಪೀಟ್ ತೆಗೆಯುವುದನ್ನು ಶಾಶ್ವತವಾಗಿ ನಿಲ್ಲಿಸಿತೆಂದು ಸಾರಿತು. ಹವ್ಯಾಸಿ ತೋಟಗಾರರಿಗೆ ಪೀಟ್ ಮಾರುವುದನ್ನು ಇಂಗ್ಲೆಂಡಿನಲ್ಲಿ 2024ರೊಳಗೆ ನಿಷೇಧಿಸುವುದಾಗಿ ಅಲ್ಲಿನ ಸರ್ಕಾರ 2022ರಲ್ಲಿ ಪ್ರಕಟಿಸಿತು. ಹೇಳಿದ ಗಡುವಿನೊಳಗೆ ಆ ಕಾಯಿದೆ ಬರಲಿಲ್ಲ. ಆದರೂ ದೊಡ್ಡ ಮಳಿಗೆಗಳು ಕಾಯಿದೆಗೆ ಕಾಯದೆ ಪೀಟ್ ಇಲ್ಲದ ಚೀಲಗಳತ್ತ ಹೊರಳಿದವು. ಜರ್ಮನಿಯೂ ಪೀಟ್ ಬಳಕೆ ತಗ್ಗಿಸುವ ಕಾರ್ಯನೀತಿಯನ್ನು ಹೊಂದಿದೆ. ಬದಲಿಯಾಗಿ ಬಂದ ಮರದ ನಾರು, ತೊಗಟೆ, ಎಲೆಗೊಬ್ಬರಗಳ ಸಾಲಿನಲ್ಲಿ ತೆಂಗಿನ ನಾರಿನ ಪುಡಿಗೆ ವಿಶೇಷ ಸ್ಥಾನವಿದೆ. ತನ್ನ ತೂಕದ ಐದಾರು ಪಟ್ಟಿಗೂ ಹೆಚ್ಚು ನೀರನ್ನು ಹಿಡಿದಿಡುವ, ಒಣಗಿದರೂ ಮತ್ತೆ ಸುಲಭವಾಗಿ ನೀರು ಕುಡಿಯುವ, ಅದೇ ವೇಳೆ ಬೇರಿಗೆ ಗಾಳಿ ಒದಗಿಸುವ ಗುಣ ಅದಕ್ಕಿದೆ. 2020–21ರಲ್ಲಿ ಭಾರತದಿಂದ ಸುಮಾರು 3,779 ಕೋಟಿ ರೂಪಾಯಿ ಮೌಲ್ಯದ ತೆಂಗಿನ ನಾರು ಉತ್ಪನ್ನಗಳು ರಫ್ತಾದವು. ಅವುಗಳಲ್ಲಿ ಮೊದಲ ಸ್ಥಾನ ಚಾಪೆ, ಹಗ್ಗಗಳದ್ದಲ್ಲ, ಒಂದು ಕಾಲದಲ್ಲಿ ಬೀದಿಗೆ ಸುರಿಯುತ್ತಿದ್ದ ಪುಡಿಯದು.

ಹೇಳಬಾರದ ಮಾತು

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಕೋಕೋಪಿಟ್ ಕೊಂಡರೆ ಜೌಗಿನ ಮೀಥೇನ್ ನಿಲ್ಲುತ್ತದೆ’ ಎಂದು ಯಾವ ರಫ್ತುದಾರನೂ ತನ್ನ ಕರಪತ್ರದಲ್ಲಿ ಅಚ್ಚು ಹಾಕಿಸಬಾರದು. ಅದು ನಿಜವಲ್ಲ. ಕೈಯಿಡದೆ ಬಿಟ್ಟ ಜೌಗು ಮೀಥೇನ್ ಬಿಡುತ್ತಲೇ ಇರುತ್ತದೆ. ಬಸಿದ ಜೌಗಿಗೆ ಮತ್ತೆ ನೀರು ತುಂಬಿಸಿದರೆ ಕೆಲಕಾಲ ಮೀಥೇನ್ ಹೆಚ್ಚುವುದೂ ಉಂಟು. ಆದರೂ ಜೌಗನ್ನು ಜೌಗಾಗಿಯೇ ಉಳಿಸುವುದು ಲೇಸೆನ್ನಲು ಕಾರಣವಿದೆ. ಮೀಥೇನ್ ಗಾಳಿಯಲ್ಲಿ ಹನ್ನೆರಡು ವರ್ಷಗಳ ಆಸುಪಾಸಿನಲ್ಲಿ ಕರಗಿಹೋಗುತ್ತದೆ. ಬಸಿದ ನೆಲದಿಂದ ಹೊರಟ ಇಂಗಾಲದ ಡೈಆಕ್ಸೈಡಿನ ಪ್ರಭಾವ ಶತಮಾನಗಳ ಕಾಲ ಉಳಿಯುತ್ತದೆ. ಆದ್ದರಿಂದ ಹೇಳಬಹುದಾದ ಸತ್ಯ ಇಷ್ಟೇ: ನಾರಿನ ಪುಡಿ ಬಳಸಿದಷ್ಟೂ ಪೀಟ್ ತೆಗೆಯುವ ಅಗತ್ಯ ತಗ್ಗುತ್ತದೆ, ಸಾವಿರ ವರ್ಷಗಳ ಇಂಗಾಲ ನೆಲದಲ್ಲೇ ಉಳಿಯುತ್ತದೆ.

ಈ ಸತ್ಯವೇ ಸಾಕಷ್ಟು ಬೆಲೆಯುಳ್ಳದ್ದು. ಆದರೆ ಕೊಳ್ಳುವವನು ಅಷ್ಟಕ್ಕೇ ತೃಪ್ತನಾಗುವುದಿಲ್ಲ. ಬ್ರಿಟನ್ನಿನ ತೋಟಗಾರಿಕಾ ಉದ್ಯಮ ತಾನೇ ರೂಪಿಸಿಕೊಂಡಿರುವ ಅಂಕ ಪದ್ಧತಿಯಲ್ಲಿ ಪ್ರತಿಯೊಂದು ಮಾಧ್ಯಮವನ್ನೂ ಏಳು ಬಾಬತ್ತುಗಳಲ್ಲಿ ಅಳೆಯಲಾಗುತ್ತದೆ: ಇಂಧನ, ನೀರು, ಕಾರ್ಮಿಕರ ಸ್ಥಿತಿ, ಜೀವವೈವಿಧ್ಯ, ಮಾಲಿನ್ಯ, ಮರುಬೆಳೆಯುವ ಗುಣ, ಸಂಪನ್ಮೂಲಗಳ ಮಿತಬಳಕೆ. ಮರುಬೆಳೆಯುವ ಗುಣದಲ್ಲಿ ತೆಂಗಿಗೆ ಪೂರ್ಣ ಅಂಕ ಬರಬಹುದು. ನೀರು ಮತ್ತು ಮಾಲಿನ್ಯದ ಬಾಬತ್ತಿನಲ್ಲಿ ಬರುವ ಅಂಕವೆಷ್ಟು? ಇದಕ್ಕೆ ಉತ್ತರ ಹುಡುಕಬೇಕಾದದ್ದು ಲಂಡನ್ನಿನಲ್ಲಲ್ಲ, ಇಲ್ಲಿನ ಕಣಗಳಲ್ಲಿ.

ಹಿತ್ತಲಿನ ಪುಟ್ಟ ಜೌಗು

ಸಿಪ್ಪೆಯ ತೂಕದಲ್ಲಿ ನಾರಿನ ಪಾಲು ಸ್ಥೂಲವಾಗಿ ಮೂರನೆಯ ಒಂದು ಭಾಗ. ಉಳಿದದ್ದೆಲ್ಲ ಪುಡಿ. ಅಂದರೆ ಒಂದು ಲಾರಿ ನಾರು ಮಾರಿದ ಘಟಕದ ಹಿಂದೆ ಎರಡು ಲಾರಿಯಷ್ಟು ಪುಡಿ ಉಳಿದಿರುತ್ತದೆ. ಮಾರುಕಟ್ಟೆ ಇದ್ದಾಗ ಅದು ಪೊಳ್ಳಾಚಿಯ ಕಡೆಗೆ ಹಸಿ ಸರಕಾಗಿ ಸಾಗುತ್ತದೆ. ಇಲ್ಲದಾಗ ರಸ್ತೆಯ ಬದಿಯಲ್ಲೋ ಹಳ್ಳದ ದಂಡೆಯಲ್ಲೋ ಕೆರೆಯ ಅಂಚಿನಲ್ಲೋ ಗುಡ್ಡೆಯಾಗಿ ಬೀಳುತ್ತದೆ.

ಮಳೆಗಾಲದಲ್ಲಿ ನೆನೆದು, ತನ್ನದೇ ಭಾರಕ್ಕೆ ಒತ್ತಿಕೊಂಡು, ಒಳಗೆ ಗಾಳಿಯಾಡದೆ ಕುಳಿತ ಗುಡ್ಡೆ ಯಾವುದಕ್ಕೆ ಸಮಾನ? ಮೇಲೆ ಹೇಳಿದ ಸೂತ್ರವನ್ನು ಅನ್ವಯಿಸಿದರೆ ಉತ್ತರ ತಾನೇ ಹೊಳೆಯುತ್ತದೆ. ಅದು ಹಿತ್ತಲಿನಲ್ಲಿ ನಿರ್ಮಾಣವಾದ ಒಂದು ಪುಟ್ಟ ಜೌಗು. ಪುಡಿಯಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಹೆಚ್ಚಿರುವುದರಿಂದ ಅದು ನಿಧಾನವಾಗಿ ಕೊಳೆಯುತ್ತದೆ, ಹೀಗಾಗಿ ಸೆಗಣಿಯ ಗುಂಡಿಯಷ್ಟು ಅನಿಲ ಹುಟ್ಟುವುದಿಲ್ಲ. ಪುಡಿಯಿಂದಲೇ ಗೋಬರ್ ಗ್ಯಾಸ್ ತಯಾರಿಸಬಹುದೆಂಬ ಆಸೆ ಲಾಭದಾಯಕವಾಗದಿರುವುದೂ ಇದೇ ಕಾರಣಕ್ಕೆ. ಆದರೆ ನಿಧಾನವೆಂದರೆ ಇಲ್ಲವೆಂದಲ್ಲ. ಪೀಟ್ ನೆಲವೂ ನಿಧಾನವಾಗಿಯೇ ಕೊಳೆಯುವಂಥದ್ದು.

ಬೇಸಿಗೆಯಲ್ಲಿ ಕಥೆ ಬೇರೆ. ಒಣಗಿದ ಗುಡ್ಡೆಗೆ ಬೀಡಿಯ ಕಿಡಿಯೊಂದು ತಾಗಿದರೆ ಉರಿ ಕಾಣದಂತೆ ಒಳಗೊಳಗೇ ದಿನಗಟ್ಟಲೆ ಹೊಗೆಯಾಡುತ್ತದೆ. ಜ್ವಾಲೆಯೆದ್ದು ಉರಿಯುವ ಬೆಂಕಿಗಿಂತ ಹೀಗೆ ಕನಲುವ ಬೆಂಕಿ ಹೆಚ್ಚು ವಿಷಾನಿಲವನ್ನೂ ಮೀಥೇನನ್ನೂ ಹೊರಹಾಕುತ್ತದೆ. ಮಾಸ್ಕೋದ ಸುತ್ತ ನಡೆದದ್ದರ ಕಿರು ಆವೃತ್ತಿ ಇದು. ಚಿಪ್ಪನ್ನು ಬಯಲಿನ ಗುಂಡಿಯಲ್ಲಿ ಸುಟ್ಟು ಇದ್ದಿಲು ಮಾಡುವ ಹಳೆಯ ಪದ್ಧತಿಗೂ ಇದೇ ದೋಷ ಅಂಟಿದೆ. ಅಲ್ಲಿ ಗಾಳಿಗೆ ಹೋಗುವ ಹೊಗೆಯಲ್ಲಿ ಮೀಥೇನೂ ಉಂಟು, ಉರಿಸಿ ಶಾಖವಾಗಿ ಬಳಸಬಹುದಾಗಿದ್ದ ಇಂಧನವೂ ಉಂಟು.

ಇನ್ನು ನೀರಿನ ವಿಚಾರ. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸುವ ಈ ಸೀಮೆಯಲ್ಲಿ ಸಿಪ್ಪೆ ಒಣಗಿಯೇ ಕಾರ್ಖಾನೆಗೆ ಬರುತ್ತದೆ. ಯಂತ್ರಕ್ಕೆ ಹಾಕುವ ಮುನ್ನ ಅದನ್ನು ನೆನೆಸಬೇಕು. ಕೇರಳದ ಹಿನ್ನೀರುಗಳಲ್ಲಿ ಹಸಿ ಸಿಪ್ಪೆಯನ್ನು ತಿಂಗಳುಗಟ್ಟಲೆ ಕೊಳೆಹಾಕುವ ಪದ್ಧತಿ ಕೊಳೆನಾತವನ್ನೂ ಮೀಥೇನನ್ನೂ ಹುಟ್ಟಿಸಿ ಮೀನುಗಾರಿಕೆಗೆ ಮಾರಕವಾದ ಇತಿಹಾಸವಿದೆ. ಆ ಪಿಡುಗು ಇಲ್ಲಿಲ್ಲವೆಂಬುದು ಸಮಾಧಾನದ ಸಂಗತಿ. ಸಿಪ್ಪೆ ಉಪ್ಪುನೀರಿನಲ್ಲಿ ನೆನೆಯದಿರುವುದು ಈ ಸೀಮೆಯ ಪುಡಿಗೆ ಒಂದು ಅನುಕೂಲವೂ ಹೌದು. ಆದರೂ ತೆಂಗಿನ ಸಿಪ್ಪೆಯಲ್ಲಿ ಸಹಜವಾಗಿಯೇ ಪೊಟ್ಯಾಸಿಯಂ, ಸೋಡಿಯಂ, ಕ್ಲೋರೈಡ್ ಲವಣಗಳಿರುತ್ತವೆ. ವ್ಯಾಪಾರದಲ್ಲಿ ‘ಲೋ ಇಸಿ’ ಎನ್ನುವ ದರ್ಜೆಗೆ ಪುಡಿಯನ್ನು ತರಬೇಕಾದರೆ ಸಿಹಿನೀರಿನಲ್ಲಿ ಹಲವು ಸಲ ತೊಳೆಯಬೇಕು. ತೊಳೆದ ನೀರು ಲವಣವನ್ನೂ ಒಗರಿನ ಕಂದು ಸಾರವನ್ನೂ ಹೊತ್ತು ಹರಿಯುತ್ತದೆ. ಅದು ನೆಲಕ್ಕಿಳಿದರೆ ಸುತ್ತಲಿನ ಬಾವಿ, ಕೊಳವೆಬಾವಿಗಳ ನೀರು ಕೆಡುತ್ತದೆ. ಕೊಳವೆಬಾವಿಗೆ ಕೈಚಾಚಿ ತೋಟ ಉಳಿಸಿಕೊಳ್ಳುತ್ತಿರುವ, ಹೇಮಾವತಿ ನಾಲೆಯ ನೀರಿನ ಸರದಿಗಾಗಿ ವರ್ಷವಿಡೀ ಕಾಯುವ ತಾಲ್ಲೂಕುಗಳಲ್ಲಿ ಇದು ಸಣ್ಣ ಮಾತಲ್ಲ. ಸಿಪ್ಪೆ ಕೊಟ್ಟ ರೈತನ ಬಾವಿಯೇ ಕೆಟ್ಟರೆ ಮುಂದೆ ಸಿಪ್ಪೆ ಬರುವುದೆಲ್ಲಿಂದ?

ಪೊಳ್ಳಾಚಿ ಕಲಿಸುವ ಪಾಠ

ಕೋಕೋಪಿಟ್ ರಫ್ತಿನಲ್ಲಿ ಪೊಳ್ಳಾಚಿ ಸೀಮೆ ಗಳಿಸಿದ ಹೆಸರು ಇಲ್ಲಿನ ಉದ್ಯಮಿಗಳಿಗೆ ಸದಾ ಅಸೂಯೆಯ ವಿಷಯ. ಆದರೆ ಅಲ್ಲಿನ ಅನುಭವದ ಇನ್ನೊಂದು ಮುಖವನ್ನೂ ನೋಡಬೇಕು. ಘಟಕಗಳು ಹೆಚ್ಚಿದಂತೆ ದೂಳು ಮತ್ತು ತೊಳೆದ ನೀರಿನ ಬಗೆಗೆ ಗ್ರಾಮಸ್ಥರ ದೂರುಗಳೂ ಹೆಚ್ಚಿದವು. 2021ರಲ್ಲಿ ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ ನಾರಿನ ಉದ್ಯಮವನ್ನು ನಿರಪಾಯವೆನಿಸಿದ ಬಿಳಿ ವರ್ಗದಿಂದ ತೆಗೆದು ಕಿತ್ತಳೆ ವರ್ಗಕ್ಕೆ ಸೇರಿಸಿತು. ಅನುಮತಿ, ತಪಾಸಣೆ, ನೀರು ಸಂಸ್ಕರಣೆಯ ಹೊರೆ ಒಮ್ಮೆಲೇ ಬಂದೆರಗಿದಾಗ ಹೆಚ್ಚು ತೊಂದರೆಗೆ ಸಿಲುಕಿದವರು ಸಣ್ಣ ಉದ್ಯಮಿಗಳೇ. ಮೊದಲೇ ಹಂತಹಂತವಾಗಿ ಮಾಡಿಕೊಂಡಿದ್ದರೆ ಹಗುರವಾಗಿರುತ್ತಿದ್ದ ಕೆಲಸ ಸರ್ಕಾರದ ಆದೇಶದ ರೂಪದಲ್ಲಿ ಬಂದಾಗ ಭಾರವಾಯಿತು. ತಿಪಟೂರು ಸೀಮೆಗೆ ಇನ್ನೂ ಕಾಲಾವಕಾಶವಿದೆ. ನೆರೆಯವರು ಎಡವಿದ ಕಲ್ಲು ಕಣ್ಣೆದುರಿಗಿರುವಾಗ ಮತ್ತೆ ಎಡವುವುದು ಜಾಣತನವಲ್ಲ.

ಮಾಡಬಹುದಾದ ಕೆಲಸ

ಮೊದಲನೆಯದು ಗುಡ್ಡೆಯ ಶಿಸ್ತು. ಇದಕ್ಕೆ ಬಂಡವಾಳ ಹೆಚ್ಚು ಬೇಡ. ಪುಡಿಯನ್ನು ತಗ್ಗಿನಲ್ಲಿ ಹಾಕದೆ ಎತ್ತರದ ಗಟ್ಟಿ ಕಣದ ಮೇಲೆ ಹಾಕುವುದು, ಗುಡ್ಡೆಯನ್ನು ಬೆಟ್ಟದಂತೆ ಬೆಳೆಸದೆ ಉದ್ದನೆಯ ತಗ್ಗು ಸಾಲುಗಳಾಗಿ ಹರಡುವುದು, ಆಗಾಗ ಮಗುಚುವುದು, ಮಳೆಗೆ ಹೊದಿಕೆ ಹಾಕುವುದು. ಗಾಳಿಯಾಡಿದ ಪುಡಿ ಬೇಗ ಒಣಗುತ್ತದೆ, ಬಣ್ಣ ಕೆಡುವುದಿಲ್ಲ, ಕಳೆಯ ಬೀಜ ಸೇರುವುದಿಲ್ಲ. ಮೀಥೇನಿಗೆ ಕಡಿವಾಣ ಹಾಕುವ ಕ್ರಮವೇ ಸರಕಿನ ದರ್ಜೆಯನ್ನೂ ಎತ್ತುತ್ತದೆ.

ಎರಡನೆಯದು ಗೊಬ್ಬರ. ರಫ್ತಿಗೆ ಒಗ್ಗದ ಪುಡಿಯನ್ನು ಚೆಲ್ಲುವ ಬದಲು ಕಾಂಪೋಸ್ಟ್ ಮಾಡುವ ವಿಧಾನ ಹೊಸದೇನಲ್ಲ. ಒಂದು ಟನ್ ಪುಡಿಗೆ 5 ಕಿಲೋ ಯೂರಿಯಾ ಮತ್ತು ಪ್ಲೂರೋಟಸ್ ಎಂಬ ಚಿಪ್ಪಣಬೆಯ ಬೀಜವನ್ನು ಪದರಪದರವಾಗಿ ಸೇರಿಸಿ ನೆರಳಿನಲ್ಲಿ ತೇವ ಕಾಪಾಡಿದರೆ ಒಂದು ತಿಂಗಳ ಆಸುಪಾಸಿನಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಹಸಿ ಪುಡಿಯಲ್ಲಿ ಸಾರಜನಕದ ನೂರು ಪಟ್ಟಿಗೂ ಮೀರಿರುವ ಇಂಗಾಲದ ಪ್ರಮಾಣ 25ರ ಸಮೀಪಕ್ಕೆ ಇಳಿಯುತ್ತದೆ. ಹಸಿ ಪುಡಿಯನ್ನೇ ತೋಟಕ್ಕೆ ಹಾಕಿದರೆ ಅದು ಮಣ್ಣಿನ ಸಾರಜನಕವನ್ನೇ ಕಸಿದುಕೊಳ್ಳುತ್ತದೆಂಬ ರೈತರ ದೂರಿಗೂ ಇದು ಪರಿಹಾರ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಯೂರಿಯಾ ಬದಲು ಕೋಳಿಗೊಬ್ಬರ ಬಳಸುವ ವಿಧಾನವನ್ನೂ ರೂಪಿಸಿದೆ. ತಿಪಟೂರಿನ ಸಮೀಪದ ಕೊನೆಹಳ್ಳಿಯಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ತೆಂಗಿನ ಬುಡಕ್ಕೆ ಸಿಪ್ಪೆ ಹೂತು ತೇವ ಉಳಿಸುವ ಪದ್ಧತಿಯನ್ನು ಬಲ್ಲ ಈ ಸೀಮೆಯ ರೈತನಿಗೆ ಪುಡಿಗೊಬ್ಬರದ ಗುಣವನ್ನು ವಿವರಿಸಿ ಹೇಳಬೇಕಾಗಿಲ್ಲ. ಸಮುದ್ರ ದಾಟಬೇಕಾದ ಮಾರುಕಟ್ಟೆಯ ಜೊತೆಗೆ ಬದುವಿನಾಚೆಯ ಮಾರುಕಟ್ಟೆಯೂ ಒಂದಿದೆಯೆಂಬುದನ್ನು ಉದ್ಯಮಿ ಮರೆಯಬಾರದು.

ಮೂರನೆಯದು ತೊಳೆಯುವ ನೀರು. ಇದನ್ನು ಒಂಟಿ ಘಟಕ ನಿಭಾಯಿಸಲಾರದು. ತೊಟ್ಟಿಗಳು, ನೀರನ್ನು ಮತ್ತೆ ಬಳಸುವ ಏರ್ಪಾಡು, ಮಳೆನೀರಿನ ಸಂಗ್ರಹ, ಕ್ಯಾಲ್ಸಿಯಂ ನೈಟ್ರೇಟಿನಿಂದ ಹದಗೊಳಿಸುವ ಘಟಕ, ಲವಣ ಮತ್ತು ತೇವಾಂಶ ಅಳೆಯುವ ಪ್ರಯೋಗಾಲಯ ಇವೆಲ್ಲ ಹತ್ತಾರು ಘಟಕಗಳು ಕೂಡಿ ಕಟ್ಟಿಕೊಳ್ಳಬೇಕಾದ ಸೌಲಭ್ಯಗಳು. ಸಣ್ಣ ಉದ್ಯಮಗಳ ಸಮೂಹ ಅಭಿವೃದ್ಧಿಗೆ ಕೇಂದ್ರ ಸರ್ಕಾರದ ಯೋಜನೆಗಳಿವೆ, ಬೆಂಗಳೂರಿನ ಪೀಣ್ಯದಲ್ಲಿ ಕಾಯರ್ ಬೋರ್ಡಿನ ತಂತ್ರಜ್ಞಾನ ಸಂಸ್ಥೆಯಿದೆ, ರಾಜ್ಯದ್ದೇ ಆದ ತೆಂಗಿನ ನಾರಿನ ಅಭಿವೃದ್ಧಿ ನಿಗಮವಿದೆ. ಇವುಗಳ ಬಾಗಿಲು ತಟ್ಟಬೇಕಾದವರು ಒಬ್ಬೊಬ್ಬರಾಗಿ ಹೋದರೆ ಅರ್ಜಿಗಳು ಕಡತ ಸೇರುತ್ತವೆ. ಮೂರು ತಾಲ್ಲೂಕುಗಳ ಉದ್ಯಮಿಗಳು ಸಂಘಟಿತರಾಗಿ ಹೋದರೆ ಯೋಜನೆಯಾಗುತ್ತದೆ.

ನಾಲ್ಕನೆಯದು ಲೆಕ್ಕ. ಎಷ್ಟು ಸಿಪ್ಪೆ ಬಂತು, ಎಷ್ಟು ನೀರು ಖರ್ಚಾಯಿತು, ಎಷ್ಟು ಪುಡಿ ಮಾರಾಟವಾಯಿತು, ಎಷ್ಟು ಉಳಿಯಿತು ಎಂಬ ದಾಖಲೆಯಿಲ್ಲದ ಘಟಕ ನಾಳೆ ಯಾವ ಪ್ರಮಾಣಪತ್ರಕ್ಕೂ ಅರ್ಹವಾಗುವುದಿಲ್ಲ. ನೆದರ್ಲೆಂಡ್ಸಿನ ಆರ್‌ಎಚ್‌ಪಿ ಗುರುತಿನಂತಹ ಗುಣಮಟ್ಟದ ಮುದ್ರೆ ಕೇಳುವ ಕೊಳ್ಳುಗ ಮೊದಲು ನೋಡುವುದು ಪುಸ್ತಕವನ್ನು, ಆಮೇಲೆ ಪುಡಿಯನ್ನು. 2023ರಲ್ಲಿ ಭಾರತ ಸರ್ಕಾರ ಅಧಿಸೂಚಿಸಿದ ಇಂಗಾಲ ಸಾಲಪತ್ರಗಳ ವ್ಯಾಪಾರ ಯೋಜನೆಯಿಂದ ಮುಂದೊಂದು ದಿನ ಏನಾದರೂ ಸಿಗಬಹುದಾದರೂ ಅದು ಅಳೆದು ಬರೆದಿಟ್ಟವನಿಗೆ ಮಾತ್ರ.

ಎರಡು ಆಕ್ಷೇಪಗಳು

ಇದನ್ನೆಲ್ಲ ಓದಿದವರಲ್ಲಿ ಎರಡು ಆಕ್ಷೇಪಗಳು ಏಳುವುದು ಸಹಜ. ಸೈಬೀರಿಯಾದ ಜೌಗಿನ ಚಿಂತೆ ಬಡ ತಾಲ್ಲೂಕಿನ ಸಣ್ಣ ಕಾರ್ಖಾನೆಗೇಕೆ, ಶ್ರೀಮಂತ ರಾಷ್ಟ್ರಗಳು ತಮ್ಮ ಹೊಣೆಯನ್ನು ಇಲ್ಲಿಗೇಕೆ ವರ್ಗಾಯಿಸಬೇಕು ಎಂಬುದು ಮೊದಲನೆಯದು. ಈ ಮಾತಿನಲ್ಲಿ ನ್ಯಾಯವಿದೆ. 2021ರಲ್ಲಿ ಗ್ಲಾಸ್ಗೋದಲ್ಲಿ ಹಲವು ರಾಷ್ಟ್ರಗಳು 2030ರೊಳಗೆ ಮೀಥೇನ್ ಹೊರಸೂಸುವಿಕೆಯನ್ನು 2020ರ ಮಟ್ಟಕ್ಕಿಂತ ಶೇ. 30ರಷ್ಟು ತಗ್ಗಿಸುವ ಪ್ರತಿಜ್ಞೆಗೆ ಸಹಿ ಹಾಕಿದಾಗ ಭಾರತ ಸೇರಲಿಲ್ಲ. ಹಸು ಸಾಕುವ, ಭತ್ತ ಬೆಳೆಯುವ ಸಣ್ಣ ರೈತನ ಬದುಕಿಗೆ ಸಂಬಂಧಿಸಿದ ಹೊರಸೂಸುವಿಕೆಯನ್ನು ಐಷಾರಾಮದ ಹೊರಸೂಸುವಿಕೆಯ ಸಾಲಿಗೆ ಸೇರಿಸಲಾಗದೆಂಬ ಅದರ ನಿಲುವು ಅರ್ಥವಾಗುವಂಥದ್ದು. ಆದರೆ ಪುಡಿಯ ಗುಡ್ಡೆ ಯಾರ ಹೊಟ್ಟೆಪಾಡೂ ಅಲ್ಲ. ಅದು ಕೈಜಾರಿದ ಸರಕು. ಅದನ್ನು ಸರಿಪಡಿಸುವುದರಲ್ಲಿ ಯಾವ ತ್ಯಾಗವೂ ಇಲ್ಲ, ಲಾಭವಿದೆ.

ಖರ್ಚಿನದು ಎರಡನೆಯ ಆಕ್ಷೇಪ. ಕೊಬ್ಬರಿಯ ದರ ಏರಿದಾಗ ಸಿಪ್ಪೆಯ ದರವೂ ಏರುತ್ತದೆ, ಎಳನೀರಿಗೆ ಕಾಯಿ ಹೋದಷ್ಟೂ ಒಣ ಸಿಪ್ಪೆ ಕಡಿಮೆಯಾಗುತ್ತದೆ, ವಿದ್ಯುತ್ ಮತ್ತು ಕೂಲಿಯ ವೆಚ್ಚ ಇಳಿಯುವುದಿಲ್ಲ. ಇಂಥ ಸ್ಥಿತಿಯಲ್ಲಿ ಹೊಸ ಹೊರೆ ಹೇಗೆ ಎಂದು ಕೇಳುವವರಿಗೆ ಹೇಳಬೇಕಾದುದು ಒಂದೇ. ಸಿಪ್ಪೆ ದುಬಾರಿಯಾದಷ್ಟೂ ಅದರ ಮೂರನೆಯ ಎರಡು ಭಾಗವನ್ನು ಚೆಲ್ಲುವುದು ಹೆಚ್ಚು ದುಬಾರಿ. ಹಸಿ ಪುಡಿಯನ್ನು ಸಿಕ್ಕಿದ ಬೆಲೆಗೆ ತಮಿಳುನಾಡಿಗೆ ಕಳುಹಿಸಿ, ತೊಳೆದು ಇಟ್ಟಿಗೆಯಾಗಿ ಒತ್ತಿದ ಸರಕಿನ ಲಾಭವನ್ನು ಬೇರೆಯವರಿಗೆ ಬಿಟ್ಟುಕೊಡುವ ಪದ್ಧತಿಯೇ ಈ ಸೀಮೆಯ ನಿಜವಾದ ನಷ್ಟ.

ಉಪಸಂಹಾರ

ಕಸದಿಂದ ರಸ ಎಂಬ ಮಾತನ್ನು ಕಾರ್ಯಾಗಾರಗಳ ವೇದಿಕೆಯಲ್ಲಿ ಎಷ್ಟೋ ಬಾರಿ ಕೇಳಲಾಗಿದೆ. ಆದರೆ ರಸ ತೆಗೆಯುವ ಭರದಲ್ಲಿ ಹೊಸ ಕಸವನ್ನು ಹುಟ್ಟಿಸಿದರೆ ಮಾತು ಪೊಳ್ಳಾಗುತ್ತದೆ. ಉತ್ತರದ ಜೌಗು ನೆಲವನ್ನು ಉಳಿಸುವ ಹೆಸರಿನಲ್ಲಿ ಮಾರಾಟವಾಗುವ ವಸ್ತು ತಿಪಟೂರಿನ ಕೆರೆಯನ್ನೂ ತುರುವೇಕೆರೆಯ ಬಾವಿಯನ್ನೂ ಚಿಕ್ಕನಾಯಕನಹಳ್ಳಿಯ ಗಾಳಿಯನ್ನೂ ಕೆಡಿಸುವಂತಾಗಬಾರದು. ಕೊಬ್ಬರಿಯಲ್ಲಿ ‘ತಿಪಟೂರು’ ಎಂಬ ಹೆಸರಿಗೆ ದೇಶದ ಮಾರುಕಟ್ಟೆಗಳಲ್ಲಿ ಮರ್ಯಾದೆ ಬಂದದ್ದು ಅಟ್ಟದ ಮೇಲೆ ತಾಳ್ಮೆಯಿಂದ ಕಾಯಿಸಿದ ಹದದಿಂದ, ಅವಸರದಿಂದಲ್ಲ. ನಾರಿನ ಪುಡಿಗೂ ಅದೇ ಹದ, ಅದೇ ತಾಳ್ಮೆ ಬೇಕಾಗಿದೆ. ಬರುವ ಮುಂಗಾರಿಗೆ ಮುನ್ನ ಪ್ರತಿಯೊಂದು ಘಟಕದ ಹಿಂದಿನ ಗುಡ್ಡೆಯನ್ನು ಒಮ್ಮೆ ಮಗುಚಿ ಗಾಳಿಯಾಡಿಸಿದರೆ ಅಲ್ಲಿಗೆ ಕೆಲಸದ ಆರಂಭವಾದಂತೆ.